ಕಕ್ಕಡ ಮಳೆಯ ರಸ್ತೆಗೆ ಯಾವ ಕಾರು?

ಪ್ರಶ್ನೆ: ಮಾನ್ಯರೇ, ನಾವು ನಾಪೋಕ್ಲು ಹತ್ತಿರದ ಕಾಫಿ ಬೆಳೆಗಾರರು. ಡಾಂಬರು ರಸ್ತೆಯಿಂದ ನಮ್ಮ ಮನೆಗೆ ಒಂದೂವರೆ ಕಿಲೋಮೀಟರ್ ತೋಟದ ದಾರಿಯಿದೆ. ಅದರಲ್ಲಿ ಅರ್ಧ ಕಾಂಕ್ರೀಟ್, ಉಳಿದದ್ದು ಕಲ್ಲು ಹಾಕಿದ ಮಣ್ಣಿನ ದಾರಿ, ನಡುವೆ ಒಂದು ತೋಡು (ಸಣ್ಣ ಹಳ್ಳ) ಮತ್ತು ಅದರ ಮೇಲೆ ಸಣ್ಣ ಮೋರಿ. ಕಾಫಿಗೆ ಒಳ್ಳೆಯ ದರ ಬಂದಿರುವುದರಿಂದ ಒಂದು ಉತ್ತಮ ಕಾರು ಕೊಳ್ಳುವ ಮನಸ್ಸಾಗಿದೆ. ಜೀವನದಲ್ಲಿ ಇಂಥ ಖರ್ಚು ಮತ್ತೊಮ್ಮೆ ಮಾಡುವವನಲ್ಲ. ನನ್ನ ಮನಸ್ಸು ಲ್ಯಾಂಡ್ ರೋವರ್ ಡಿಫೆಂಡರ್ 110ರ ಮೇಲಿದೆ. ಬೆಂಗಳೂರಿನಲ್ಲಿ ಕೆಲಸದಲ್ಲಿರುವ ಮಗಳು ಬಿಎಂಡಬ್ಲ್ಯೂ ಎಂ340ಐ ಕೊಳ್ಳೋಣ ಎನ್ನುತ್ತಾಳೆ. ತೋಟದ ಕೆಲಸಕ್ಕೆ ಹಳೆಯ ಜಿಪ್ಸಿ ಇದೆ, ಚೆನ್ನಾಗಿಯೇ ಓಡುತ್ತಿದೆ. ಅವ್ವನಿಗೆ 78 ವರ್ಷ, ಮಂಡಿ ನೋವಿದೆ, ತಿಂಗಳಿಗೊಮ್ಮೆ ಮೈಸೂರಿನ ಆಸ್ಪತ್ರೆಗೆ ಕರೆದುಕೊಂಡು ಹೋಗಬೇಕು. ಮಗಳು ತಿಂಗಳಿಗೆ ಎರಡು ಸಲ ಮನೆಗೆ ಬಂದು ಹೋಗುತ್ತಾಳೆ. ತಾವು ಯಾವುದನ್ನು ಸೂಚಿಸುತ್ತೀರಿ?

ಉತ್ತರ: ಇಬ್ಬರ ಆಯ್ಕೆಯೂ ಒಳ್ಳೆಯದೇ, ಆದರೆ ಅವು ಎರಡು ಬೇರೆ ಕೆಲಸಗಳಿಗಾಗಿ ಹುಟ್ಟಿದ ವಾಹನಗಳು: ಡಿಫೆಂಡರ್ ಕಚ್ಚಾದಾರಿಗೆಂದು ಮಾಡಿದ ಎತ್ತರದ ಆಫ್‌ರೋಡರ್, ಎಂ340ಐ ವೇಗದ, ತಗ್ಗಿನ ಸೆಡಾನ್. ಹಾಗಾಗಿ ಯಾವುದು ಮೇಲು ಎಂದು ಕೇಳುವುದಕ್ಕಿಂತ, ನಿಮ್ಮ ವರ್ಷದ ಯಾವ ದಿನ, ಯಾವ ಕಿಲೋಮೀಟರಿನಲ್ಲಿ ನಿಮಗೆ ಕಾರಿನ ಅಗತ್ಯ ಅತಿ ಹೆಚ್ಚು ಎಂದು ಕೇಳಿಕೊಳ್ಳುವುದು ಸರಿ ಎನಿಸುತ್ತದೆ. ನಿಮ್ಮ ಪತ್ರ ಓದಿದಾಗ ನನಗೆ ಕಂಡದ್ದು ಬೆಂಗಳೂರು ಹೆದ್ದಾರಿಯಲ್ಲ. ಜೋರು ಮಳೆಯ ಕಕ್ಕಡ ತಿಂಗಳಿನ (ಜುಲೈ–ಆಗಸ್ಟ್) ಒಂದು ಬೆಳಗ್ಗೆ ಅವ್ವನನ್ನು ಕೂರಿಸಿಕೊಂಡು ನೀವು ಮನೆಯಿಂದ ಡಾಂಬರು ರಸ್ತೆಗೆ ಇಳಿಯುವ ಆ ಒಂದೂವರೆ ಕಿಲೋಮೀಟರು. ನನ್ನ ಉತ್ತರವೆಲ್ಲ ಅಲ್ಲಿಂದ ಹೊರಡುತ್ತದೆ.

ಮೊದಲು ಮಗಳ ಆಯ್ಕೆಗೆ ನ್ಯಾಯ ಸಲ್ಲಿಸೋಣ. ಎಂ340ಐ ಚೆನ್ನೈನಲ್ಲಿ ಜೋಡಣೆಯಾಗುವ ಕಾರು; 2021ರಲ್ಲಿ ನಮ್ಮ ದೇಶದ ಮಾರುಕಟ್ಟೆಗೆ ಬಂತು. ಮೂರು ಲೀಟರಿನ ಆರು ಸಿಲಿಂಡರ್ ಪೆಟ್ರೋಲ್ ಎಂಜಿನ್, 500 ನ್ಯೂಟನ್ ಮೀಟರ್ ಟಾರ್ಕ್ (ಚಕ್ರ ತಿರುಗಿಸುವ ಬಲ), ನಿಂತಲ್ಲಿಂದ 100 ಕಿ.ಮೀ. ವೇಗಕ್ಕೆ 4.4 ಸೆಕೆಂಡು, ನಾಲ್ಕೂ ಚಕ್ರಗಳಿಗೆ ಶಕ್ತಿ. ಇಂಥ ಕಾರಿನ ಹಿರಿಮೆ ನೇರ ರಸ್ತೆಯ ವೇಗದಲ್ಲಿ ಇದೆಯೆಂದು ಬಹಳ ಜನ ತಿಳಿಯುತ್ತಾರೆ. ನನ್ನ ಅನುಭವದಲ್ಲಿ ಅದರ ನಿಜವಾದ ಹಿರಿಮೆ ತಿರುವಿನಲ್ಲಿದೆ ಮತ್ತು ಬ್ರೇಕಿನಲ್ಲಿದೆ. ತೂಕ ನೆಲಕ್ಕೆ ಹತ್ತಿರ ಇರುವುದರಿಂದ ತಿತಿಮತಿ ಕಡೆಯ ಬಾಗಿದ ರಸ್ತೆಯಲ್ಲಾಗಲಿ, ಸಂಪಾಜೆ ಘಾಟಿನ ತಿರುವುಗಳಲ್ಲಾಗಲಿ ಒಳಗೆ ಕೂತವರು ಆಚೀಚೆ ವಾಲುವುದಿಲ್ಲ. ಎದುರಿನಿಂದ ಬಸ್ಸು ಬರುವ ಮುನ್ನ ಮರದ ಲಾರಿಯೊಂದನ್ನು ಹಿಂದಿಕ್ಕಬೇಕಾದಾಗ ಅದು ಎದುರು ಪಥದಲ್ಲಿ ಕಳೆಯುವ ಹೊತ್ತು ಕಡಿಮೆ. ಇದು ಸುರಕ್ಷತೆಯ ಮಾತೇ ಹೊರತು ಬರಿಯ ಖುಷಿಯ ಮಾತಲ್ಲ, ಮಗಳು ಅದನ್ನು ಅರಿತೇ ಹೇಳುತ್ತಿರಬಹುದು.

ಆದರೆ ಆ ಸಾಮರ್ಥ್ಯವನ್ನು ಬಳಸಲು ನಿಮಗೆ ಎಷ್ಟು ರಸ್ತೆ ಸಿಗುತ್ತದೆ ಎಂಬುದನ್ನೂ ನೋಡಬೇಕು. ಬೆಂಗಳೂರು–ಮೈಸೂರು ಹೆದ್ದಾರಿಯ ಉದ್ದ ಸುಮಾರು 118 ಕಿ.ಮೀ., ಅಲ್ಲಿನ ವೇಗದ ಮಿತಿ 100. ಉದ್ದಕ್ಕೂ ಕ್ಯಾಮೆರಾಗಳಿವೆ, 2024ರ ಆಗಸ್ಟ್‌ನಿಂದ ರಾಜ್ಯದಲ್ಲಿ 130 ಕಿ.ಮೀ. ಮೀರಿ ಓಡಿಸಿದವರ ಮೇಲೆ ಎಫ್‌ಐಆರ್ ಹಾಕುವ ಕ್ರಮವೂ ಜಾರಿಯಲ್ಲಿದೆ. ನಿಗದಿತ ವೇಗದಲ್ಲಿ ಹೋದರೆ ಡಿಫೆಂಡರ್ ಆಗಲಿ, ಎಂ340ಐ ಆಗಲಿ ಆ ದಾರಿಯನ್ನು ಕ್ರಮಿಸುವುದು 71 ನಿಮಿಷದಲ್ಲಿಯೇ. ಡೀಸೆಲ್ ಡಿಫೆಂಡರ್ 100 ಕಿ.ಮೀ. ವೇಗ ತಲುಪಲು ಏಳು ಸೆಕೆಂಡಿನ ಆಸುಪಾಸು ತೆಗೆದುಕೊಳ್ಳುತ್ತದೆ; ಎರಡರ ನಡುವಿನ ವ್ಯತ್ಯಾಸ ಎರಡೂವರೆ ಸೆಕೆಂಡು. ಮೈಸೂರಿನಿಂದ ಈಚೆಗೆ ಹುಣಸೂರು ದಾಟಿ ಕಾಡು ಸೇರಿದ ಮೇಲೆ ರಸ್ತೆಯ ಉಬ್ಬುಗಳು ಮತ್ತು ಆನೆಗಳು ಎಲ್ಲರ ವೇಗವನ್ನೂ ಒಂದೇ ಮಟ್ಟಕ್ಕೆ ತರುತ್ತವೆ, ತರಲೂ ಬೇಕು.

ಇನ್ನು ನಿಮ್ಮ ತೋಟದ ದಾರಿ. ಒಂದು ಬಿದಿರಿನ ಕೋಲು ತೆಗೆದುಕೊಂಡು ಅದರ ಮೇಲೆ ನೆಲದಿಂದ 130 ಮಿ.ಮೀ.ಗೆ ಒಂದು ಗುರುತು, 290 ಮಿ.ಮೀ.ಗೆ ಇನ್ನೊಂದು ಗುರುತು ಹಾಕಿ. ಅದನ್ನು ಹಿಡಿದು ಮನೆಯಿಂದ ಡಾಂಬರಿನವರೆಗೆ ನಡೆದು, ಚಕ್ರದ ಎರಡು ಜಾಡುಗಳ ನಡುವೆ ಉಬ್ಬಿರುವ ದಿಬ್ಬವನ್ನು ಅಳೆಯುತ್ತ ಹೋಗಿ. ವೇಗದ ಸೆಡಾನ್‌ಗಳ ಗ್ರೌಂಡ್ ಕ್ಲಿಯರೆನ್ಸ್, ಅಂದರೆ ನೆಲದಿಂದ ಕಾರಿನ ತಳದವರೆಗಿನ ಎತ್ತರ, ಸಾಮಾನ್ಯವಾಗಿ ಮೊದಲ ಗುರುತಿನ ಆಸುಪಾಸಿನಲ್ಲಿರುತ್ತದೆ. ಮೂವರು ಕೂತು ಡಿಕ್ಕಿಯಲ್ಲಿ ಸಾಮಾನು ತುಂಬಿದಾಗ ಇನ್ನೂ ತಗ್ಗುತ್ತದೆ. ಗಾಳಿಯ ಒತ್ತಡದಿಂದ ಕಾರನ್ನು ಏರಿಸಿ ಇಳಿಸುವ ಏರ್ ಸಸ್ಪೆನ್ಷನ್ ಇರುವ ಡಿಫೆಂಡರ್ 110, ಕಚ್ಚಾದಾರಿಗೆಂದು ತನ್ನನ್ನು 75 ಮಿ.ಮೀ. ಎತ್ತರಿಸಿಕೊಂಡಾಗ 291 ಮಿ.ಮೀ. ತಲುಪುತ್ತದೆ. ಜಿಪ್ಸಿಯೂ ಪಿಕಪ್ಪೂ ವರ್ಷಗಟ್ಟಲೆ ಓಡಾಡಿದ ತೋಟದ ದಾರಿಯಲ್ಲಿ ನಡುವಿನ ದಿಬ್ಬ ಒಂದು ಗೇಣಿಗೆ ಹತ್ತಿರವಿರುವುದು ಕೊಡಗಿನಲ್ಲಿ ತೀರ ಸಾಮಾನ್ಯ, ಮಳೆಗಾಲದ ಕೊನೆಗೆ ಜಾಡು ಮತ್ತಷ್ಟು ಕೊರೆದು ಅದು ಇನ್ನೂ ಎದ್ದು ಕಾಣುತ್ತದೆ.

ಇದನ್ನು ನಾನು ಪುಸ್ತಕದಿಂದ ಹೇಳುತ್ತಿಲ್ಲ. ಕೆಲವು ವರ್ಷಗಳ ಹಿಂದೆ ಒಂದು ಜುಲೈ ತಿಂಗಳಲ್ಲಿ, ಮಾದಾಪುರದ ಕಡೆಯ ನೆಂಟರ ಮನೆಗೆ ಸ್ನೇಹಿತರ ತಗ್ಗಿನ ಸೆಡಾನ್ ಓಡಿಸಿಕೊಂಡು ಹೋಗಿದ್ದೆ. ಹುಲ್ಲು ಬೆಳೆದ ದಿಬ್ಬದೊಳಗೆ ಒಂದು ಕಲ್ಲು ಇದ್ದದ್ದು ಕಾಣಲಿಲ್ಲ. ಎಂಜಿನ್ ತಳದ ಆಯಿಲ್ ಚೇಂಬರ್ ಒಡೆಯಿತು. ನಾಲ್ಕು ಚಕ್ರಗಳಿಗೂ ಶಕ್ತಿ ಹೋಗುವ ಕಾರಾದ್ದರಿಂದ ಅದನ್ನು ಹಗ್ಗ ಕಟ್ಟಿ ಎಳೆಯುವ ಹಾಗಿರಲಿಲ್ಲ; ಪೂರ್ತಿ ಎತ್ತಿ ಕೂರಿಸಿಕೊಳ್ಳುವ ಲಾರಿಯೇ ಬೇಕು. ಅದು ಮೈಸೂರಿನಿಂದ ಬರುವ ಹೊತ್ತಿಗೆ ಮರುದಿನ ಸಂಜೆಯಾಗಿತ್ತು, ಬಂದ ಲಾರಿ ತೋಟದ ಗೇಟಿನೊಳಗೆ ತಿರುಗಲಿಲ್ಲ. ಕೊನೆಗೆ ನೆಂಟರ ಹಳೆಯ ಜೀಪಿನವರು, ತೋಟದ ಕೆಲಸದವರು ಸೇರಿ, ಕಾರಿನ ಕೆಳಗೆ ಹಲಗೆ ಕೊಟ್ಟು ಅಂಗುಲ ಅಂಗುಲವಾಗಿ ಹೊರಗೆ ತಂದರು. ಆ ದಿನ ಮನೆಯಲ್ಲಿ ಯಾರಿಗಾದರೂ ಎದೆನೋವು ಬಂದಿದ್ದರೆ ದಾರಿಗೆ ಅಡ್ಡವಾಗಿದ್ದದ್ದು ನಮ್ಮ ಕಾರೇ. ಇದು ಇಂದಿಗೂ ನನ್ನ ಮನಸ್ಸಿನಿಂದ ಹೋಗಿಲ್ಲ.

ಎತ್ತರದ ನಂತರದ ಮಾತು ಹಿಡಿತದ್ದು. ಎಂ340ಐಗೂ ನಾಲ್ಕು ಚಕ್ರಗಳ ಚಾಲನೆ ಇದೆಯಲ್ಲ ಎಂದು ಮಗಳು ಕೇಳಬಹುದು. ಒದ್ದೆ ಡಾಂಬರಿನ ಮೇಲೆ ಜಾರದಿರಲು ಆ ವ್ಯವಸ್ಥೆ ಬಹಳ ಸಹಾಯ ಮಾಡುತ್ತದೆ, ಸಂದೇಹವಿಲ್ಲ. ಆದರೆ ಕೆಂಪು ಮಣ್ಣಿನ ಏರಿನಲ್ಲಿ, ನೀರು ಹರಿದು ಕಲ್ಲು ಮೇಲೆದ್ದಿರುವಲ್ಲಿ, ಬೇಕಾಗುವುದು ನಡಿಗೆಯ ವೇಗದಲ್ಲಿ ನಿಧಾನವಾಗಿ, ಒಂದೇ ಸಮನೆ ಎಳೆಯುವ ಶಕ್ತಿ. ಡಿಫೆಂಡರ್‌ನಲ್ಲಿ ಅದಕ್ಕಾಗಿ ಪ್ರತ್ಯೇಕ ಲೋ ರೇಂಜ್ ಗೇರುಗಳಿವೆ, ನಿಮ್ಮ ಜಿಪ್ಸಿಯಲ್ಲಿ ಇರುವಂತೆಯೇ. ಡೀಸೆಲ್ ಎಂಜಿನ್‌ನ 650ರಿಂದ 700 ನ್ಯೂಟನ್ ಮೀಟರ್ ಟಾರ್ಕ್ ಆ ಗೇರಿನಲ್ಲಿ ಚಕ್ರವನ್ನು ತಿರುಗಿಸುವಾಗ ಆಕ್ಸಿಲರೇಟರ್ ಅದುಮುವ ಅಗತ್ಯವೇ ಬರುವುದಿಲ್ಲ. ಇಳಿಯುವಾಗ ಬ್ರೇಕು ತುಳಿಯದೆಯೇ ವಾಹನ ತಾನಾಗಿ ತಡೆದುಕೊಂಡು ಇಳಿಯುತ್ತದೆ. ಸೆಡಾನ್ ಅದೇ ಏರಿನಲ್ಲಿ ವೇಗ ತೆಗೆದುಕೊಂಡು ಹತ್ತಬೇಕಾಗುತ್ತದೆ, ವೇಗ ತೆಗೆದುಕೊಂಡಾಗಲೇ ಚೇಂಬರ್ ಒಡೆಯುವುದು.

ಟೈರನ್ನೂ ನೋಡಿ. ವೇಗದ ಸೆಡಾನ್‌ಗಳಿಗೆ ಬರುವಂಥ, 255/35 ಎಂದು ಬರೆದ ಟೈರಿನಲ್ಲಿ ರಿಮ್ಮಿಗೂ ನೆಲಕ್ಕೂ ನಡುವೆ ಇರುವ ರಬ್ಬರಿನ ಎತ್ತರ 255ರ ಶೇಕಡಾ 35, ಅಂದರೆ 89 ಮಿ.ಮೀ. ಮಾತ್ರ. ಡಿಫೆಂಡರ್‌ನ 20 ಇಂಚಿನ ರಿಮ್ಮಿಗೆ ಬರುವ 255/60 ಟೈರಿನಲ್ಲಿ ಅದು 153 ಮಿ.ಮೀ. ನೀರು ತುಂಬಿದ ಗುಂಡಿಯ ಆಳ ಕಾಣದೆ ಚಕ್ರ ಇಳಿದಾಗ, ಈ 64 ಮಿ.ಮೀ. ವ್ಯತ್ಯಾಸವೇ ರಿಮ್ಮನ್ನು ಉಳಿಸುವುದು. ವೇಗದ ಕಾರುಗಳ ಅನೇಕ ಮಾದರಿಗಳಲ್ಲಿ ಸ್ಟೆಪ್ನಿ ಇರುವುದಿಲ್ಲ ಎಂಬುದನ್ನೂ ಮರೆಯಬಾರದು. ಡಿಫೆಂಡರ್ ಕೊಳ್ಳುವಾಗ ಶೋರೂಮಿನವರು ಇನ್ನೂ ದೊಡ್ಡ ರಿಮ್ ತೋರಿಸಿ ಅಂದ ಹೊಗಳುತ್ತಾರೆ. ಬೇಡ. ಸಿಗುವುದರಲ್ಲಿ ಚಿಕ್ಕ ರಿಮ್, ದಪ್ಪ ಟೈರು ಕೇಳಿ. ನಿಮ್ಮ ಊರಿಗೆ ಅದೇ ಸರಿ.

ಹೀಗೆ ನನ್ನ ಸಲಹೆ ನಿಮ್ಮ ಆಯ್ಕೆಯ ಕಡೆಗೇ ವಾಲುತ್ತದೆ. ಆದರೆ ಅದು ಮೂರು ಷರತ್ತುಗಳ ಮೇಲೆ, ಮೂರನ್ನೂ ಹಣ ಕಟ್ಟುವ ಮೊದಲೇ ಪರೀಕ್ಷಿಸಿಕೊಳ್ಳಬೇಕು.

ಮೊದಲನೆಯದು ಅಗಲ. ನಿಮ್ಮ ಜಿಪ್ಸಿಯ ಅಗಲ ಒಂದೂವರೆ ಮೀಟರಿಗಿಂತ ತುಸು ಹೆಚ್ಚು, ತೂಕ ಸುಮಾರು ಒಂದು ಟನ್. ಡಿಫೆಂಡರ್ 110 ಬದಿಯ ಕನ್ನಡಿಗಳನ್ನು ಹೊರಚಾಚಿದಾಗ 2.1 ಮೀಟರ್ ಅಗಲ, ಹಿಂಬಾಗಿಲಿನ ಸ್ಟೆಪ್ನಿ ಸೇರಿ 5 ಮೀಟರ್ ಉದ್ದ, ತೂಕ ಎರಡು ಟನ್ನಿಗೂ ಹೆಚ್ಚು. ಐನ್‌ಮನೆಗಳಿಗೆ (ಕೊಡವ ಕುಟುಂಬಗಳ ಮೂಲಮನೆಗಳಿಗೆ) ಹೋಗುವ ಹಳೆಯ ಓಣಿಗಳು ಎರಡೂ ಬದಿಗೆ ಮಣ್ಣಿನ ಏರಿಯಿರುವ, ಜನ ಮತ್ತು ದನ ನಡೆಯಲೆಂದು ಮಾಡಿದ ದಾರಿಗಳು. ನಿಮ್ಮ ಗೇಟು, ಓಣಿಯ ಅತಿ ಕಿರಿದಾದ ಜಾಗ, ಮನೆಯಂಗಳದಲ್ಲಿ ತಿರುಗಿಸುವ ಸ್ಥಳ, ಈ ಮೂರನ್ನೂ ಟೇಪು ಹಿಡಿದು ಅಳೆಯಿರಿ. ಒಮ್ಮೆಲೇ ಪೂರ್ತಿ ತಿರುಗಲು ಅದಕ್ಕೆ ಸುಮಾರು 13 ಮೀಟರ್ ಜಾಗ ಬೇಕು. ಮೋರಿಯ ವಿಷಯದಲ್ಲಿ ನನಗೆ ಅಂಥ ಚಿಂತೆಯಿಲ್ಲ. ಕಾಫಿ ಮೂಟೆ ತುಂಬಿದ ಪಿಕಪ್ ಅದರ ಮೇಲೆ ಹೋಗುತ್ತಿದ್ದರೆ ಈ ಕಾರಿನ ಭಾರವನ್ನೂ ಅದು ತಡೆದುಕೊಳ್ಳುತ್ತದೆ. ಆದರೂ ಮಳೆಗಾಲ ಮುಗಿದ ಮೇಲೆ ಒಮ್ಮೆ ಕೆಳಗಿಳಿದು ಕಲ್ಲು ಸಡಿಲವಾಗಿದೆಯೇ ಎಂದು ನೋಡಿ. ಇದೇ ಕಾರಣಕ್ಕೆ ಜಿಪ್ಸಿಯನ್ನು ಮಾರಬೇಡಿ ಎಂದು ಒತ್ತಿ ಹೇಳುತ್ತೇನೆ. ಕಾಫಿ ಗಿಡಗಳ ನಡುವಿನ ದಾರಿಯಲ್ಲಿ, ಗೊಬ್ಬರದ ಚೀಲ ಹೊತ್ತು, ಸ್ಪ್ರಿಂಕ್ಲರ್ ಪೈಪು ಕಟ್ಟಿಕೊಂಡು ಓಡಾಡುವ ಕೆಲಸವನ್ನು ಒಂದು ಕೋಟಿಯ ಕಾರು ಜಿಪ್ಸಿಯಷ್ಟು ಚೆನ್ನಾಗಿ ಮಾಡಲಾರದು, ಮಾಡಿಸುವುದೂ ಸಲ್ಲದು.

ಎರಡನೆಯದು ಎಂಜಿನ್‌ನ ಬಳಕೆ. 2020ರ ಏಪ್ರಿಲ್‌ನಿಂದ ಮಾರಾಟವಾಗುತ್ತಿರುವ, ಬಿಎಸ್6 ಎಂಬ ಹೊಗೆ ನಿಯಮದ ಡೀಸೆಲ್ ಕಾರುಗಳಲ್ಲಿ ಹೊಗೆಯ ಮಸಿ ಹಿಡಿದಿಡುವ ಡಿಪಿಎಫ್ ಎಂಬ ಫಿಲ್ಟರ್ ಇರುತ್ತದೆ. ಎಂಜಿನ್ ಚೆನ್ನಾಗಿ ಬಿಸಿಯಾಗಿ, ಸ್ವಲ್ಪ ಹೊತ್ತು ಒಂದೇ ವೇಗದಲ್ಲಿ ಓಡಿದಾಗ ಮಾತ್ರ ಆ ಮಸಿ ಸುಟ್ಟುಹೋಗುತ್ತದೆ. ಮನೆಯಿಂದ ನಾಪೋಕ್ಲು ಪೇಟೆಗೆ, ಪೇಟೆಯಿಂದ ಮನೆಗೆ ಎಂದು ವಾರಗಟ್ಟಲೆ ಓಡಿಸಿದರೆ ಫಿಲ್ಟರ್ ಕಟ್ಟಿಕೊಂಡು ಎಚ್ಚರಿಕೆಯ ದೀಪ ಹತ್ತುತ್ತದೆ. ನಿಮ್ಮ ಮಟ್ಟಿಗೆ ತಿಂಗಳ ಮೈಸೂರು ಪ್ರಯಾಣ ಇರುವುದರಿಂದ ಡೀಸೆಲ್ ಕೊಳ್ಳಬಹುದು. ಆದರೆ ಪೇಟೆಗೆ ಹೋಗಿಬರುವ ಚಿಲ್ಲರೆ ಓಡಾಟವನ್ನು ಜಿಪ್ಸಿಗೇ ಬಿಡಿ, ಹತ್ತು ದಿನಕ್ಕೊಮ್ಮೆಯಾದರೂ ಡಿಫೆಂಡರನ್ನು ವಿರಾಜಪೇಟೆ ಅಥವಾ ಮಡಿಕೇರಿಯವರೆಗೆ ಓಡಿಸಿ. ದೀಪ ಹತ್ತಿದರೆ ಎಂಜಿನ್ ಆರಿಸಿ ನಿಲ್ಲಿಸಬೇಡಿ. ತೆರೆದ ರಸ್ತೆಯಲ್ಲಿ ಇಪ್ಪತ್ತು ನಿಮಿಷ ಓಡಿಸಿದರೆ ಸಾಮಾನ್ಯವಾಗಿ ತಾನಾಗಿ ಸರಿಹೋಗುತ್ತದೆ.

ಮೂರನೆಯದು ನೀರು. ಈ ವಿಷಯದಲ್ಲಿ ದಯವಿಟ್ಟು ನನ್ನ ಮಾತನ್ನು ಗಂಭೀರವಾಗಿ ತೆಗೆದುಕೊಳ್ಳಿ. ಡಿಫೆಂಡರ್ 900 ಮಿ.ಮೀ. ಆಳದ ನೀರಿನಲ್ಲಿ ಹೋಗಬಲ್ಲದು ಎಂದು ತಯಾರಕರು ಹೇಳುತ್ತಾರೆ, ಅದು ನಿಜ. ಆದರೆ ಆ ಅಳತೆ ನಿಂತ ನೀರಿಗೆ, ಕೆಳಗಿನ ನೆಲ ಗಟ್ಟಿಯಾಗಿದ್ದಾಗ. ರಭಸದಿಂದ ಹರಿಯುವ ನೀರು ಎರಡು ಅಡಿ ಇದ್ದರೂ ದೊಡ್ಡ ಎಸ್‌ಯುವಿಗಳನ್ನು ತೇಲಿಸಿ ಪಕ್ಕಕ್ಕೆ ಸರಿಸಬಲ್ಲದು. ಚಿಕ್ಕ ಕಾರಿಗೆ ಒಂದು ಅಡಿಯೇ ಸಾಕು. ಭಾಗಮಂಡಲದಲ್ಲಿ ಸಂಗಮ ಉಕ್ಕಿ ನಾಪೋಕ್ಲು ಕಡೆಯ ರಸ್ತೆಯ ಮೇಲೆ ಕಾವೇರಿ ಹರಿಯುವುದನ್ನು ನೀವು ನನಗಿಂತ ಹೆಚ್ಚು ಸಲ ಕಂಡಿದ್ದೀರಿ. ಆ ನೀರಿನಡಿ ರಸ್ತೆ ಇದೆಯೋ ಕೊಚ್ಚಿಹೋಗಿದೆಯೋ ಎಂಬುದು ಯಾವ ಕಾರಿನ ಯಾವ ಸೆನ್ಸಾರಿಗೂ ತಿಳಿಯದು. 2018ರ ಆಗಸ್ಟ್‌ನಲ್ಲಿ ಮಡಿಕೇರಿ–ಸಂಪಾಜೆ ನಡುವೆ ರಾಷ್ಟ್ರೀಯ ಹೆದ್ದಾರಿಯೇ ಕುಸಿದು ಮುಚ್ಚಿಹೋದಾಗ, ಮುಕ್ಕೋಡ್ಲು, ಮಕ್ಕಂದೂರು, ಜೋಡುಪಾಲದ ಕಡೆ ಗುಡ್ಡ ಜಾರಿದಾಗ, ವಾಹನ ಯಾವುದೆಂಬುದು ಲೆಕ್ಕಕ್ಕೆ ಬರಲಿಲ್ಲ. ದೊಡ್ಡ ಆಫ್‌ರೋಡರ್ ಕೊಟ್ಟ ಧೈರ್ಯದಿಂದ ಹರಿಯುವ ನೀರಿಗೆ ಇಳಿಯುವುದಾದರೆ, ಅದಕ್ಕಿಂತ ತಗ್ಗಿನ ಕಾರು ಕೊಂಡು ನೀರು ಕಂಡೊಡನೆ ಹಿಂದಿರುಗುವುದೇ ಲೇಸು. ನಿಮ್ಮ ಸ್ವಂತ ತೋಟದ ತೋಡು, ನೀವೇ ಕಟ್ಟಿಸಿದ ಮೋರಿ, ಕಣ್ಣಿಗೆ ಕಾಣುವ ನೆಲ, ಇಷ್ಟಕ್ಕೆ ಮಾತ್ರ ಆ 900 ಮಿ.ಮೀ. ಎಂದು ತಿಳಿಯಿರಿ.

ವಿಮೆಯನ್ನೂ ಇದರೊಂದಿಗೇ ಹೇಳಿಬಿಡುತ್ತೇನೆ. ಎಂಜಿನ್ ಒಳಗೆ ನೀರು ನುಗ್ಗಿದ ಮೇಲೆ ಸ್ಟಾರ್ಟ್ ಮಾಡಿ ಆದ ಹಾನಿಯನ್ನು ಸಾಮಾನ್ಯ ಸಮಗ್ರ ವಿಮೆ ಭರಿಸುವುದಿಲ್ಲ. ಎಂಜಿನ್ ರಕ್ಷಣೆಯ ಹೆಚ್ಚುವರಿ ಕವಚವನ್ನು ಪ್ರತಿವರ್ಷ ಮರೆಯದೆ ತೆಗೆದುಕೊಳ್ಳಿ. ಕವಚ ಇದ್ದರೂ, ನೀರಿನಲ್ಲಿ ಎಂಜಿನ್ ನಿಂತುಹೋದರೆ ಮತ್ತೆ ಸ್ಟಾರ್ಟ್ ಗುಂಡಿ ಒತ್ತಬೇಡಿ.

ಹಣದ ಲೆಕ್ಕ ಬೇಗ ಮುಗಿಸುತ್ತೇನೆ. ಡಿಫೆಂಡರ್ ಸ್ಲೊವಾಕಿಯಾದ ನಿತ್ರಾದಲ್ಲಿ ತಯಾರಾಗಿ ಬರುವ ಕಾರಾದ್ದರಿಂದ ಆಮದು ಸುಂಕ ಬೆಲೆಯಲ್ಲೇ ಸೇರಿರುತ್ತದೆ; ಹಾಗಾಗಿ ಅದು ಎಂ340ಐಗಿಂತ ಗಣನೀಯವಾಗಿ ದುಬಾರಿ. ನಮ್ಮ ರಾಜ್ಯದಲ್ಲಿ 20 ಲಕ್ಷ ಮೀರಿದ ಕಾರಿಗೆ ಆಜೀವ ತೆರಿಗೆ ಶೇಕಡಾ 18, ಅದರ ಮೇಲೆ ಸೆಸ್ ಬೇರೆ. ಒಂದು ಕೋಟಿ ಎಕ್ಸ್ ಶೋರೂಂ ದರದ ಕಾರಿಗೆ ತೆರಿಗೆಯೇ 18 ಲಕ್ಷ ದಾಟುತ್ತದೆ ಎಂದಾಯಿತು. ಶೋರೂಮಿನಲ್ಲಿ ಹೇಳುವ ದರ ನೋಡಿ ತೀರ್ಮಾನಿಸದೆ ಆನ್ ರೋಡ್ ಮೊತ್ತವನ್ನು ಬರೆಸಿಕೊಳ್ಳಿ, ಹತ್ತಿರದ ಅಧಿಕೃತ ವರ್ಕ್‌ಶಾಪ್ ಮೈಸೂರಿನಲ್ಲೋ ಮಂಗಳೂರಿನಲ್ಲೋ ಬೆಂಗಳೂರಿನಲ್ಲೋ ಎಂದು ಕೇಳಿ, ಕಾರು ಕೆಟ್ಟರೆ ನಾಪೋಕ್ಲುವರೆಗೆ ಎತ್ತಿಕೊಂಡು ಹೋಗುವ ಲಾರಿ ಕಳುಹಿಸುತ್ತಾರೆಯೇ ಎಂಬುದನ್ನು ಲಿಖಿತವಾಗಿ ಪಡೆಯಿರಿ.

ಕೊನೆಯದಾಗಿ ಅವ್ವನ ಮಾತು. ಮಂಡಿ ನೋವಿನವರಿಗೆ ತಗ್ಗಿನ ಸೆಡಾನ್‌ನಿಂದ ಏಳುವುದು ಕಷ್ಟ. ಎತ್ತರದ ಎಸ್‌ಯುವಿಗೆ ಹತ್ತುವುದು ಇನ್ನೊಂದು ಕಷ್ಟ. ಏರ್ ಸಸ್ಪೆನ್ಷನ್ ಇರುವ ಡಿಫೆಂಡರ್ ಹತ್ತಿ ಇಳಿಯುವಾಗ ತನ್ನನ್ನು 50 ಮಿ.ಮೀ. ತಗ್ಗಿಸಿಕೊಳ್ಳುತ್ತದೆ, ಬದಿಯಲ್ಲಿ ಮೆಟ್ಟಿಲು ಹಾಕಿಸಬಹುದು. ಆದರೆ ಇದನ್ನು ಕಾಗದದ ಮೇಲೆ ತೀರ್ಮಾನಿಸಬಾರದು. ಟೆಸ್ಟ್ ಡ್ರೈವಿಗೆ ಅವ್ವನನ್ನೇ ಕರೆದುಕೊಂಡು ಹೋಗಿ, ಎರಡು ಕಾರುಗಳಲ್ಲೂ ಮೂರು ಸಲ ಹತ್ತಿಸಿ ಇಳಿಸಿ ನೋಡಿ. ಡಿಫೆಂಡರ್‌ಗೆ ಹತ್ತಲು ಅವರಿಗೆ ಆಗದೇ ಹೋದರೆ ನಾನು ಮೇಲೆ ಹೇಳಿದ್ದೆಲ್ಲವನ್ನೂ ಬದಿಗಿಟ್ಟು ಮತ್ತೊಮ್ಮೆ ಯೋಚಿಸಿ. ಮಗಳಿಗೂ ಅದೇ ದಿನ ಅದನ್ನು ಘಾಟಿನಲ್ಲಿ ಓಡಿಸಲು ಕೊಡಿ. ಎರಡು ಟನ್ನಿನ ವಾಹನ ತಿರುವಿನಲ್ಲಿ ಹೇಗೆ ವಾಲುತ್ತದೆ, ಬ್ರೇಕಿಗೆ ಎಷ್ಟು ದೂರ ತೆಗೆದುಕೊಳ್ಳುತ್ತದೆ ಎಂಬುದು ಓಡಿಸುವವರ ಕೈಗೆ ಮೊದಲೇ ತಿಳಿದಿರಬೇಕು.

ಪ್ರಶ್ನೆ: ನಾನು ಕುಶಾಲನಗರದಲ್ಲಿ ವ್ಯಾಪಾರಿ. ಮನೆ ಮುಖ್ಯರಸ್ತೆಯ ಹತ್ತಿರವೇ ಇದೆ. ವಾರಕ್ಕೊಮ್ಮೆ ಬೆಂಗಳೂರಿಗೆ ಒಬ್ಬನೇ ಕಾರು ಓಡಿಸಿಕೊಂಡು ಹೋಗಿಬರುತ್ತೇನೆ. ಕೊಡಗಿನವರಿಗೆ ಆಫ್‌ರೋಡರೇ ಸರಿ ಎಂದು ಎಲ್ಲರೂ ಹೇಳುತ್ತಾರೆ. ನನಗೆ ವೇಗದ ಸೆಡಾನ್ ಇಷ್ಟ. ಏನು ಮಾಡಲಿ?

ಉತ್ತರ: ಸೆಡಾನ್ ಕೊಳ್ಳಿ. ಕೊಡಗು ಒಂದೇ ಜಿಲ್ಲೆಯಾದರೂ ರಸ್ತೆಗೂ ಮಳೆಗೂ ಅದು ಒಂದೇ ಅಲ್ಲ. ಭಾಗಮಂಡಲದ ಕಡೆ ವರ್ಷಕ್ಕೆ 5000 ಮಿ.ಮೀ. ಮೀರಿ ಸುರಿಯುವ ಮಳೆ ಕುಶಾಲನಗರದ ಬಯಲಿಗೆ ಬರುವಷ್ಟರಲ್ಲಿ ಅದರ ಸಣ್ಣ ಪಾಲಾಗಿರುತ್ತದೆ. ನಿಮ್ಮ ಓಡಾಟವೆಲ್ಲ ಡಾಂಬರಿನ ಮೇಲೆ, ವಾರಕ್ಕೊಮ್ಮೆ ಗಂಟೆಗಟ್ಟಲೆ ಹೆದ್ದಾರಿಯಲ್ಲಿ. ಎತ್ತರದ, ಎರಡೂಕಾಲು ಟನ್ನಿನ ವಾಹನವನ್ನು ಅಲ್ಲಿ ಹೊತ್ತು ತಿರುಗುವುದರಿಂದ ಇಂಧನವೂ ಟೈರೂ ಸವೆಯುತ್ತವೆಯೇ ಹೊರತು ಬೇರೆ ಪ್ರಯೋಜನ ಕಾಣದು. ಎರಡು ಎಚ್ಚರ ಮಾತ್ರ ಸಾಕು. ಅಗಲವಾದ, ಸವೆದ ಟೈರು ನಿಂತ ನೀರಿನ ಮೇಲೆ ಬೇಗ ತೇಲುತ್ತದೆ. ಮಳೆಗಾಲಕ್ಕೆ ಮೊದಲು ಟೈರಿನ ಗೆರೆಗಳ ಆಳ ನೋಡಿಸಿ, ಜೋರು ಮಳೆಯಲ್ಲಿ 80ರ ಒಳಗೆ ಓಡಿಸಿ. ಇನ್ನೊಂದು, 2018 ಮತ್ತು 2019ರಲ್ಲಿ ನಿಮ್ಮ ಊರಿನ ಕಾವೇರಿ ದಂಡೆಯ ಬಡಾವಣೆಗಳಿಗೆ ನೀರು ನುಗ್ಗಿತ್ತು. ಮನೆ ಆ ಭಾಗದಲ್ಲಿದ್ದರೆ, ಹಾರಂಗಿ ಜಲಾಶಯದಿಂದ ನೀರು ಬಿಡುವ ಸೂಚನೆ ಬಂದ ರಾತ್ರಿ ಕಾರನ್ನು ಎತ್ತರದ ಜಾಗಕ್ಕೆ ಒಯ್ದು ನಿಲ್ಲಿಸಿ.

ಪ್ರಶ್ನೆ: ಎರಡೂ ಗುಣ ಒಂದರಲ್ಲೇ ಇರುವ ಕಾರುಗಳು ಬಂದಿವೆಯಲ್ಲ? ಮರ್ಸಿಡಿಸ್ ಎಎಂಜಿ ಜಿ 63, ಡಿಫೆಂಡರ್ ಆಕ್ಟಾ ಇಂಥವನ್ನು ಕೊಂಡರೆ ಆಯ್ಕೆಯ ಗೊಂದಲವೇ ಇರುವುದಿಲ್ಲ ಎಂದು ಗೆಳೆಯರು ಹೇಳುತ್ತಾರೆ. ವಿರಾಜಪೇಟೆಯಿಂದ ಮಾಕುಟ್ಟ ಘಾಟಿನಲ್ಲಿ ಆಗಾಗ ಕಣ್ಣೂರಿಗೆ ಹೋಗುತ್ತೇನೆ.

ಉತ್ತರ: ಇವು ಅಸಾಧಾರಣ ಯಂತ್ರಗಳು, ಅದರಲ್ಲಿ ಎರಡು ಮಾತಿಲ್ಲ. 1979ರಿಂದ ಆಸ್ಟ್ರಿಯಾದ ಗ್ರಾಜ್‌ನಲ್ಲಿ ತಯಾರಾಗುತ್ತಿರುವ ಜಿ ಕ್ಲಾಸಿನಲ್ಲಿ ಮೂರು ಡಿಫರೆನ್ಷಿಯಲ್ ಲಾಕ್‌ಗಳಿವೆ. ಒಂದೇ ಚಕ್ರಕ್ಕೆ ಹಿಡಿತ ಸಿಕ್ಕರೂ ಅದು ಮುಂದೆ ಹೋಗುತ್ತದೆ. ಅದರ ಎಎಂಜಿ ಮಾದರಿಯ ಎಂಟು ಸಿಲಿಂಡರ್ ಎಂಜಿನ್ 585 ಅಶ್ವಶಕ್ತಿಯದು. 2024ರಲ್ಲಿ ಬಂದ ಆಕ್ಟಾ 635 ಅಶ್ವಶಕ್ತಿಯದು, ಒಂದು ಮೀಟರ್ ಆಳದ ನೀರಿನಲ್ಲಿ ಹೋಗಬಲ್ಲದು, ಸುಮಾರು ನಾಲ್ಕು ಸೆಕೆಂಡಿನಲ್ಲಿ 100 ಕಿ.ಮೀ. ವೇಗ ಮುಟ್ಟುತ್ತದೆ.

ಆದರೆ ಎಂಜಿನ್ ಎಷ್ಟೇ ದೊಡ್ಡದಾದರೂ ತೂಕ ತೂಕವೇ. ಇವೆರಡೂ ಎರಡೂವರೆ ಟನ್ನಿನ ಆಸುಪಾಸಿನ, ಎತ್ತರದ ವಾಹನಗಳು. ಮಾಕುಟ್ಟ ಘಾಟಿನಂಥ ಇಳಿಜಾರಿನಲ್ಲಿ ವೇಗ 60ರಿಂದ 80ಕ್ಕೆ ಏರಿದರೆ, ಅದನ್ನು ನಿಲ್ಲಿಸಲು ಬ್ರೇಕು ಹೀರಿಕೊಳ್ಳಬೇಕಾದ ಶಕ್ತಿ 1.3 ಪಟ್ಟಲ್ಲ, ಸುಮಾರು 1.8 ಪಟ್ಟು ಹೆಚ್ಚುತ್ತದೆ. ತಿರುವಿನ ಮೇಲೆ ತಿರುವು ಬರುವಾಗ ಮತ್ತೆ ಮತ್ತೆ ತುಳಿದ ಬ್ರೇಕು ಬಿಸಿಯಾಗುತ್ತ ಹೋಗುತ್ತದೆ. ಹತ್ತುವಾಗ ವೇಗದ ಸೆಡಾನಿನ ಹಾಗೆ ಹಾರಿ, ಇಳಿಯುವಾಗ ಲಾರಿಯ ಹಾಗೆ ಕೆಳಗಿನ ಗೇರಿನಲ್ಲಿ ಇಳಿಯಬೇಕಾದ ಈ ಕಾರುಗಳು ಓಡಿಸುವವರಿಂದ ಬಹಳ ಸಂಯಮ ಬೇಡುತ್ತವೆ. ಅನುಭವ ಇರುವ ನಿಮಗೆ ಅದು ಇರಬಹುದು. ಮನೆಯ ಎಳೆಯರೂ ಅದೇ ಕೀಲಿ ತೆಗೆದುಕೊಳ್ಳುವವರಾದರೆ ನಾನು ಇವನ್ನು ಸೂಚಿಸಲಾರೆ. ಅಷ್ಟೇ ಹಣದಲ್ಲಿ ಘಾಟಿಗೆ ಒಂದು ಒಳ್ಳೆಯ ಸೆಡಾನ್, ತೋಟಕ್ಕೆ ಒಂದು ಹೊಸ ಥಾರ್ ಕೊಂಡರೂ ದೊಡ್ಡ ಮೊತ್ತ ಉಳಿಯುತ್ತದೆ, ಎರಡೂ ತಮ್ಮ ತಮ್ಮ ಕೆಲಸವನ್ನು ಇದಕ್ಕಿಂತ ಚೆನ್ನಾಗಿ ಮಾಡುತ್ತವೆ.

ಪ್ರಶ್ನೆ: ಸೋಮವಾರಪೇಟೆಯವನು. ಹೊಸತು ಕೊಳ್ಳುವ ಶಕ್ತಿಯಿಲ್ಲ. ನಾಲ್ಕೈದು ವರ್ಷ ಹಳೆಯ ಐಷಾರಾಮಿ ಕಾರುಗಳು ಅರ್ಧ ಬೆಲೆಗೆ ಸಿಗುತ್ತಿವೆ. ಆಫ್‌ರೋಡರ್ ನೋಡಲೇ, ವೇಗದ ಕಾರು ನೋಡಲೇ? ಏನನ್ನು ಪರೀಕ್ಷಿಸಬೇಕು?

ಉತ್ತರ: ಕೊಳ್ಳುವ ಬೆಲೆ ಅರ್ಧವಾಗಿರುತ್ತದೆ, ಬಿಡಿಭಾಗಗಳ ಬೆಲೆ ಹೊಸ ಕಾರಿನದೇ ಆಗಿರುತ್ತದೆ. ಕಾರಿಗೆ ತೆಗೆದಿಟ್ಟ ಹಣದಲ್ಲಿ ಐದನೆಯ ಒಂದು ಭಾಗವನ್ನು ದುರಸ್ತಿಗೆಂದು ಬೇರೆ ಇಡಲು ಆಗುವುದಾದರೆ ಮಾತ್ರ ಮುಂದುವರಿಯಿರಿ ಎಂಬುದು ನನ್ನ ಸಲಹೆ.

ಯಾವ ಬಗೆ ಎಂಬುದಕ್ಕೆ ನಾಪೋಕ್ಲು ಓದುಗರಿಗೆ ಹೇಳಿದ ಬಿದಿರು ಕೋಲಿನ ಅಳತೆಯೇ ಉತ್ತರ. ಪರೀಕ್ಷೆ ಮಾತ್ರ ಎರಡಕ್ಕೂ ಬೇರೆ. ಆಫ್‌ರೋಡರ್ ಆದರೆ ರಾತ್ರಿಯಿಡೀ ಸಮತಟ್ಟಾದ ನೆಲದ ಮೇಲೆ ನಿಲ್ಲಿಸಿ ಬೆಳಗ್ಗೆ ನೋಡಬೇಕು. ಒಂದು ಮೂಲೆ ಕುಸಿದಿದ್ದರೆ ಏರ್ ಸಸ್ಪೆನ್ಷನ್ ಸೋರುತ್ತಿದೆ ಎಂದರ್ಥ, ಅದರ ದುರಸ್ತಿ ದುಬಾರಿ. ಲೋ ರೇಂಜ್ ಹಾಕಿಸಿ ಹತ್ತು ಮೀಟರ್ ಓಡಿಸಿ, ಏಕೆಂದರೆ ಪಟ್ಟಣದ ಮಾಲೀಕರು ಅದನ್ನು ಒಮ್ಮೆಯೂ ಬಳಸದೆ ಜಡ್ಡುಗಟ್ಟಿಸಿರುವುದುಂಟು. ವೇಗದ ಕಾರಾದರೆ ಬ್ರೇಕಿನ ಡಿಸ್ಕಿನ ಅಂಚಿನಲ್ಲಿ ಬೆರಳಾಡಿಸಿ ತುಟಿ ಎದ್ದಿದೆಯೇ ನೋಡಿ, ನಾಲ್ಕು ರಿಮ್ಮುಗಳ ಒಳಮೈ ಸೊಟ್ಟಗಾಗಿದೆಯೇ ನೋಡಿ. ಟೈರಿನ ಮೇಲೆ ನಾಲ್ಕು ಅಂಕಿಯ ಗುರುತಿರುತ್ತದೆ. 2321 ಎಂದಿದ್ದರೆ ಅದು 2021ರ 23ನೆಯ ವಾರದಲ್ಲಿ ತಯಾರಾದದ್ದು. ಗೆರೆ ಇದ್ದರೂ ವಯಸ್ಸಾದ ಟೈರು ಮಳೆಯಲ್ಲಿ ಹಿಡಿಯುವುದಿಲ್ಲ.

ಎರಡಕ್ಕೂ ಸಮಾನವಾದದ್ದು ನೀರಿನ ಪರೀಕ್ಷೆ. ಪ್ರವಾಹದಲ್ಲಿ ಮುಳುಗಿದ ಕಾರುಗಳು ತೊಳೆದು ಹೊಳಪು ಮಾಡಿಸಿಕೊಂಡು ದೂರದ ಊರುಗಳಲ್ಲಿ ಮಾರಾಟವಾಗುತ್ತವೆ. ನೆಲದ ಕಾರ್ಪೆಟ್ ಎತ್ತಿ ಮೂಸಿ, ಸೀಟಿನ ಹಳಿಗಳ ಸಂದಿಯಲ್ಲಿ ಒಣಮಣ್ಣು ಇದೆಯೇ ನೋಡಿ, ಸೀಟ್ ಬೆಲ್ಟನ್ನು ಕೊನೆಯವರೆಗೆ ಎಳೆದು ಕಲೆ ಹುಡುಕಿ. ಚಾಸಿ ಸಂಖ್ಯೆ ಕೊಟ್ಟು ಅಧಿಕೃತ ವರ್ಕ್‌ಶಾಪಿನಿಂದ ಸರ್ವೀಸ್ ದಾಖಲೆಯನ್ನೂ ವಿಮಾ ಕ್ಲೇಮಿನ ವಿವರವನ್ನೂ ತೆಗೆಸಿ. ಬೇರೆ ರಾಜ್ಯದ ನೋಂದಣಿಯಾದರೆ ಅಲ್ಲಿನ ನಿರಾಕ್ಷೇಪಣಾ ಪತ್ರ ತಂದು ಇಲ್ಲಿ ಮರುನೋಂದಣಿ ಮಾಡಿಸಬೇಕು, ವಾಹನದ ವಯಸ್ಸಿಗೆ ತಕ್ಕ ಆಜೀವ ತೆರಿಗೆ ಮತ್ತೆ ಕಟ್ಟಬೇಕು. ಅಗ್ಗವೆಂದು ಕಂಡ ಕಾರು ಅಲ್ಲಿಯೇ ಕೆಲವು ಲಕ್ಷ ಮೇಲೇರುತ್ತದೆ. ಇಷ್ಟೆಲ್ಲ ಆದ ಮೇಲೂ, ಮುಂಗಡ ಕೊಡುವ ಮೊದಲು ಕಾರನ್ನು ಲಿಫ್ಟಿನ ಮೇಲೆ ಏರಿಸಿ ಕೆಳಭಾಗವನ್ನು ನಿಮ್ಮ ಕಣ್ಣಿನಿಂದಲೇ ನೋಡಿ. ಮಾರುವವರು ಅದಕ್ಕೆ ಒಪ್ಪದಿದ್ದರೆ ಆ ಕಾರನ್ನು ಅಲ್ಲಿಯೇ ಬಿಟ್ಟು ಬನ್ನಿ.